ಐದು ರೂಪಾಯಿ ನೀರು, ಇಪ್ಪತ್ತು ಸಾವಿರದ ಕೋಟಿಂಗ್

ಬೆಳಗಿನ ಆರು ಗಂಟೆ. ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಲ್ಲಿ ದೇವರಾಯಸಮುದ್ರ ಹತ್ತಿರವಾಗುವಾಗ ಬಿಸಿಲು ಬಂಡೆಗುಡ್ಡದ ನೆತ್ತಿಗೆ ತಾಗಿರುತ್ತದೆ, ರಸ್ತೆಗೆ ಇನ್ನೂ ಇಳಿದಿರುವುದಿಲ್ಲ. ತಿರುಪತಿ ದಿಕ್ಕಿಗೆ ಹೊಸ ಕಾರುಗಳು ಓಡುತ್ತಿರುತ್ತವೆ. ಬಾನೆಟ್ಟಿಗೆ ಹೂವಿನ ಹಾರ, ಸೀಟಿನ ಮೇಲೆ ಬಿಚ್ಚದ ಪ್ಲಾಸ್ಟಿಕ್ಕು, ಹಿಂದಿನ ಗಾಜಿನ ಮೇಲೆ ದೇವರ ಹೆಸರು. ಎದುರಿನಿಂದ ಟೊಮೆಟೊ ಕ್ರೇಟು ಹೇರಿಕೊಂಡ ಗಾಡಿಗಳು ಕೋಲಾರದ ಎಪಿಎಂಸಿ ಕಡೆಗೆ ಧಾವಿಸುತ್ತವೆ. ಇವೆರಡರ ನಡುವೆ, ಟಾರ್ಪಾಲು ಅರ್ಧ ಹೊದ್ದ ಜಲ್ಲಿ ಟಿಪ್ಪರು, ತನ್ನ ಪಾಡಿಗೆ ತಾನು ಕಲ್ಲು ಉದುರಿಸುತ್ತಾ.

ಊರೊಳಗೆ ಇಂಥ ಹೊತ್ತಿನಲ್ಲಿ ಯಾವುದಾದರೂ ಒಂದು ಮನೆ ಮುಂದೆ ಕಾಣುವ ದೃಶ್ಯ ಇದು. ಕಂತಿನಲ್ಲಿ ಕೊಂಡ ಕಡುನೀಲಿ ಕಾರು. ರಾತ್ರಿಯೆಲ್ಲ ಕೂತ ಧೂಳನ್ನು ಯಜಮಾನರು ಹಳೇ ಬನಿಯನ್ ತುಂಡಿನಿಂದ ಒರೆಸುತ್ತಿದ್ದಾರೆ. ಒಣ ಬಟ್ಟೆ, ಒಣ ಧೂಳು, ರಾಗಿ ಬೀಸಿದ ಹಾಗೆ ಸುತ್ತುಸುತ್ತು ಕೈ. ಬಿಸಿಲೇರಿ ಬಾನೆಟ್ಟಿನ ಮೇಲೆ ಓರೆಯಾಗಿ ಬಿದ್ದಾಗ ಜೇಡರ ಬಲೆಯಂಥ ಗೀರುಗಳು ಮಿಂಚುತ್ತವೆ. “ಷೋರೂಮಿನವರು ಬಡಕೊಂಡ್ರು, ಅವತ್ತೇ ಕೋಟಿಂಗ್ ಹೊಡೆಸ್ಬೇಕಿತ್ತು” ಎಂದು ಕೊರಗು.

ಈ ಕೊರಗು ಈಗ ಮನೆಮನೆಯದು. ಕಾರು ಬುಕ್ ಮಾಡುವಾಗ ವಿಮೆ, ಮ್ಯಾಟು, ಸೀಟ್ ಕವರಿನ ಪಟ್ಟಿಯ ಕೊನೆಗೆ ಒಂದು ಸಾಲು ಬಂದೇ ಬರುತ್ತದೆ: ಟೆಫ್ಲಾನ್ ಆದರೆ ನಾಲ್ಕೈದು ಸಾವಿರ, ಸೆರಾಮಿಕ್ ಆದರೆ ಹದಿನೈದರಿಂದ ಮೂವತ್ತು ಸಾವಿರ, ಪೂರ್ತಿ ಗಾಡಿಗೆ ಫಿಲ್ಮ್ ಅಂಟಿಸಿದರೆ ಲಕ್ಷದ ಆಚೀಚೆ. ಹತ್ತು ಲಕ್ಷ ಕೊಟ್ಟವರಿಗೆ ಇಪ್ಪತ್ತು ಸಾವಿರ ಆ ಕ್ಷಣದಲ್ಲಿ ಚಿಲ್ಲರೆಯಾಗಿ ಕಾಣುತ್ತದೆ. ದಿನಾ ಓಡಿಸುವ ಸಾಧಾರಣ ಕಾರಿಗೆ, ಅದೂ ಕೋಲಾರದ ಕಲ್ಲು, ಧೂಳು, ಕೊಳವೆಬಾವಿಗಳ ನಡುವೆ ಇರುವ ಕಾರಿಗೆ, ಆ ದುಡ್ಡಿನಿಂದ ಸಿಗುವುದೇನು?

ನಾಲ್ಕು ಪದರ, ಒಂದು ಹಾಳೆಯ ದಪ್ಪ

ಮೊದಲು ನಾವು ಕಾಪಾಡಬೇಕೆಂದಿರುವ ಬಣ್ಣ ಎಂಥದ್ದು ನೋಡೋಣ. ಕಾರಿನ ತಗಡಿನ ಮೇಲೆ ಸಾಮಾನ್ಯವಾಗಿ ನಾಲ್ಕು ಪದರಗಳಿರುತ್ತವೆ. ಕಾರ್ಖಾನೆಯಲ್ಲಿ ಇಡೀ ಬಾಡಿಯನ್ನು ದ್ರಾವಣದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ಮೂಲೆಮೂಲೆಗೂ ತುಕ್ಕು ನಿರೋಧಕ ಪದರ ಕೂರಿಸುತ್ತಾರೆ. ಅದರ ಮೇಲೆ ಪ್ರೈಮರ್. ಅದರ ಮೇಲೆ ನಮಗೆ ಕಾಣುವ ಬಣ್ಣ. ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ, ಗಾಜಿನಂಥ ಕ್ಲಿಯರ್ ಕೋಟ್.

ಇಷ್ಟೂ ಸೇರಿ 100ರಿಂದ 130 ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗ ಒಂದು ಮೈಕ್ರಾನ್. ಜೆರಾಕ್ಸ್ ಅಂಗಡಿಯ ಹಾಳೆ ಸುಮಾರು 100 ಮೈಕ್ರಾನ್ ದಪ್ಪ ಇರುತ್ತದೆ. ಅಂದರೆ ಕಾರಿನ ತಗಡಿಗೂ ಹೊರಗಿನ ಪ್ರಪಂಚಕ್ಕೂ ನಡುವೆ ಇರುವುದು ಒಂದು ಹಾಳೆ. ಅದರಲ್ಲಿ ಹೊಳಪು ಕೊಡುವ, ಬಿಸಿಲು ತಡೆಯುವ ಕ್ಲಿಯರ್ ಕೋಟಿನ ಪಾಲು 35ರಿಂದ 50 ಮೈಕ್ರಾನ್, ತಲೆಗೂದಲಿಗಿಂತ ತೆಳು.

ಈ ಪದರಗಳನ್ನು ಕಾರ್ಖಾನೆಯವರು ದೊಡ್ಡ ಒಲೆಯಲ್ಲಿ ಬೇಯಿಸುತ್ತಾರೆ. ಕೊನೆಯ ಕ್ಲಿಯರ್ ಕೋಟ್ ಸುಮಾರು 140 ಡಿಗ್ರಿ ಶಾಖದಲ್ಲಿ ಗಟ್ಟಿಯಾಗುತ್ತದೆ. ಆಗ ಅದು ಬರೀ ತಗಡು. ಸೀಟಿಲ್ಲ, ವೈರಿಲ್ಲ, ಟೈರಿಲ್ಲ. ಮುಂದೆ ಯಾವತ್ತೋ ಟಿಂಕರಿಂಗ್ ಷೆಡ್ಡಿನಲ್ಲಿ ಮರು ಬಣ್ಣ ಹೊಡೆಸುವಾಗ ಅಷ್ಟು ಶಾಖ ಕೊಡಲು ಸಾಧ್ಯವಿಲ್ಲ, ಪ್ಲಾಸ್ಟಿಕ್ಕೆಲ್ಲ ಕರಗಿ ಕೂರುತ್ತದೆ. ಹಾಗಾಗಿ ಒಳ್ಳೆ ಬೂತಿನಲ್ಲೂ 60 ಡಿಗ್ರಿ ಸುಮಾರಿಗೆ ಒಣಗುವ ಬೇರೆ ಜಾತಿಯ ಬಣ್ಣ ಬಳಸುತ್ತಾರೆ. ಕಾರ್ಖಾನೆಯ ಬಣ್ಣ ಒಂದೇ ಸಲ ಸಿಗುವಂಥದ್ದು. ಅದನ್ನು ಜೋಪಾನ ಮಾಡಬೇಕು ಎನ್ನುವ ಮಾತಿನಲ್ಲಿ ಷೋರೂಮಿನವರ ತಪ್ಪೇನಿಲ್ಲ. ಹೇಗೆ ಎನ್ನುವಲ್ಲಿ ನಮಗೂ ಅವರಿಗೂ ದಾರಿ ಬೇರೆ.

ಅಂದಹಾಗೆ, ಕಡಿಮೆ ಬೆಲೆಯ ಕಾರುಗಳ ಸಾದಾ ಬಿಳಿ ಬಣ್ಣದಲ್ಲಿ ಕೆಲವು ಸಲ ಪ್ರತ್ಯೇಕ ಕ್ಲಿಯರ್ ಕೋಟೇ ಇರುವುದಿಲ್ಲ, ಬಣ್ಣವೇ ಮೇಲ್ಪದರ. ಪಾಲಿಶ್ ಮಾಡುವಾಗ ಬಟ್ಟೆಗೆ ಕಾರಿನ ಬಣ್ಣ ಹತ್ತಿಕೊಂಡರೆ ನಿಮ್ಮದು ಆ ಜಾತಿ ಎಂದು ತಿಳಿಯಿರಿ. ಬಿಳಿ ಕಾರಿಗೆ ಬಿಳಿ ಬಟ್ಟೆ ಹಿಡಿದು ಪರೀಕ್ಷೆ ಮಾಡಬೇಡಿ, ಕಪ್ಪು ಬಟ್ಟೆ ತೆಗೆದುಕೊಳ್ಳಿ.

ದೋಸೆ ಹೆಂಚಿನಿಂದ ಬಾನೆಟ್ಟಿಗೆ

ಕೋಟಿಂಗ್ ಎಂದರೆ ಒಂದೇ ವಸ್ತುವಲ್ಲ. ಹಳೆಯದು ಮೇಣ. ಬ್ರೆಜಿಲ್ ದೇಶದ ಒಂದು ತಾಳೆಯ ಎಲೆಯಿಂದ ತೆಗೆಯುವ ಕಾರ್ನೌಬಾ ಮೇಣವನ್ನು ಬಟ್ಟೆಯಲ್ಲಿ ಉಜ್ಜಿದರೆ ಬಣ್ಣಕ್ಕೆ ಒಳ್ಳೆ ಮೆರುಗು ಬರುತ್ತದೆ. ನಮ್ಮ ಬಿಸಿಲಿಗೆ ಆರೆಂಟು ವಾರ ಇದ್ದರೆ ಹೆಚ್ಚು. ಅದರ ರಾಸಾಯನಿಕ ತಮ್ಮ ಸೀಲಂಟ್. ನಾಲ್ಕರಿಂದ ಆರು ತಿಂಗಳು ತಡೆಯುತ್ತದೆ. ಎರಡನ್ನೂ ಮನೆಯಲ್ಲೇ ಹಚ್ಚಬಹುದು.

ಟೆಫ್ಲಾನ್ ಹೆಸರು ಎಲ್ಲರಿಗೂ ದೋಸೆ ಹೆಂಚಿನಿಂದ ಪರಿಚಯ. 1938ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಶೈತ್ಯಾನಿಲಗಳ ಮೇಲೆ ಪ್ರಯೋಗ ಮಾಡುವಾಗ ಆಕಸ್ಮಿಕವಾಗಿ ಸಿಕ್ಕ ವಸ್ತು ಅದು. ಅದಕ್ಕೆ ಏನೂ ಅಂಟುವುದಿಲ್ಲ. ಹೆಂಚಿಗೆ ಅದನ್ನೇ ಅಂಟಿಸಲು 300 ಡಿಗ್ರಿಗೂ ಮೇಲೆ ಕಾಯಿಸಬೇಕಾಗುತ್ತದೆ. ಕಾರನ್ನು ಹಾಗೆ ಕಾಯಿಸುವವರು ಯಾರೂ ಇಲ್ಲ. ಹೀಗಾಗಿ ‘ಟೆಫ್ಲಾನ್ ಕೋಟಿಂಗ್’ ಎಂದು ಮಾರುವುದು ಹೆಚ್ಚಿನಂಶ ಆ ಪುಡಿ ಬೆರೆಸಿದ ಪಾಲಿಶ್. ಕೆಲವು ತಿಂಗಳ ಹೊಳಪಿಗೆ ಅಡ್ಡಿಯಿಲ್ಲ. ಹೆಸರು ಕೇಳಿ ಹೆಂಚಿನ ಗುಣ ಬಾನೆಟ್ಟಿಗೆ ಬಂತೆಂದು ನಂಬಬಾರದು.

ಸೆರಾಮಿಕ್ ಕೋಟಿಂಗಿನ ಮೂಲ ವಸ್ತು ಸಿಲಿಕಾ, ಅಂದರೆ ಮರಳಿನ ಬಳಗದ್ದು. ಹುಣಸೆಹಣ್ಣಿನ ಗಾತ್ರದ ಬಾಟಲಿಯಲ್ಲಿ ಬರುವ ದ್ರವವನ್ನು ಬಣ್ಣದ ಮೇಲೆ ಸವರಿ ಒರೆಸಿದರೆ, ಗಾಳಿಯಲ್ಲಿನ ತೇವ ಹೀರಿಕೊಂಡು ಗಟ್ಟಿಯಾಗಿ ಕ್ಲಿಯರ್ ಕೋಟಿಗೆ ಕಚ್ಚಿಕೊಳ್ಳುತ್ತದೆ. ಸೋಪಿಗೆ ಹೋಗುವುದಿಲ್ಲ, ಮೇಣದ ಹಾಗೆ ಕರಗುವುದಿಲ್ಲ. ನೀರು ಬಿದ್ದರೆ ಕೆಸುವಿನ ಎಲೆಯ ಮೇಲಿನ ಹನಿಯಂತೆ ಉರುಳುತ್ತದೆ. ಎರಡು-ಮೂರು ವರ್ಷ ಬಾಳುತ್ತದೆ. ಗುಣದಲ್ಲಿ ಸುಳ್ಳಿಲ್ಲ. ಆದರೆ ಅದರ ದಪ್ಪ ಒಂದೆರಡು ಮೈಕ್ರಾನ್. ನಮ್ಮ ಹಾಳೆಯನ್ನು ಐವತ್ತು ಸೀಳು ಮಾಡಿದರೆ ಒಂದು ಸೀಳು.

ಪೆನ್ಸಿಲ್ ಕಥೆ

‘9ಎಚ್ ಗಡಸುತನ, ಗೀರು ಬೀಳಲ್ಲ’ ಎಂಬ ಬೋರ್ಡು ನೋಡಿರುತ್ತೀರಿ. ಕೇಳಿದವರಿಗೆ ವಜ್ರಕ್ಕಿಂತ ಒಂದು ಮೆಟ್ಟಿಲು ಕೆಳಗೆ ಎನಿಸುತ್ತದೆ. ಖನಿಜಗಳ ಗಡಸುತನಕ್ಕೆ ಮೋಸ್ ಮಾಪಕ ಇದೆ, ಅದರಲ್ಲಿ ವಜ್ರ 10. ಈ 9 ಆ ಮಾಪಕದ್ದಲ್ಲ. ಇದು ಪೆನ್ಸಿಲಿನದು. ಮಕ್ಕಳ ಕಂಪಾಸ್ ಬಾಕ್ಸಿನಲ್ಲಿ ಎಚ್‌ಬಿ ಇರುತ್ತದಲ್ಲ, ಅದೇ ಮನೆತನದ ಅತಿ ಗಟ್ಟಿ ಪೆನ್ಸಿಲ್ 9ಎಚ್. ಅದನ್ನು ಓರೆಯಾಗಿ ಹಿಡಿದು, ನಿಗದಿತ ಭಾರ ಹಾಕಿ ತಳ್ಳಿದಾಗ ಪದರಕ್ಕೆ ಗೀರು ಬೀಳದಿದ್ದರೆ 9ಎಚ್ ಪಾಸು. ಬಣ್ಣದ ಉದ್ಯಮದಲ್ಲಿ ಇದು ಒಪ್ಪಿತ ಪರೀಕ್ಷೆಯೇ. ಆದರೆ ಪೆನ್ಸಿಲ್ ಸೀಸ ಎಂದರೆ ಗ್ರಾಫೈಟು ಮತ್ತು ಜೇಡಿಮಣ್ಣು.

ದೇವರಾಯಸಮುದ್ರದ ಗಾಳಿಯಲ್ಲಿರುವುದು ಜೇಡಿಮಣ್ಣಲ್ಲ, ಗ್ರಾನೈಟಿನ ಹುಡಿ. ಈ ಜಿಲ್ಲೆಯ ಬಂಡೆಗಳಲ್ಲಿ ಬೆಣಚುಕಲ್ಲು ಧಾರಾಳ. ಮೋಸ್ ಮಾಪಕದಲ್ಲಿ ಬೆಣಚು 7, ಕಿಟಕಿ ಗಾಜು 5.5ರ ಸುಮಾರು. ಗಾಜನ್ನೇ ಗೀರುವ ಕಣ ಒಂದೆರಡು ಮೈಕ್ರಾನ್ ಪೊರೆಗೆ ಹೆದರುತ್ತದೆಯೇ? ಕ್ರಷರ್, ಎಂ-ಸ್ಯಾಂಡ್ ಲಾರಿ, ಉಳುಮೆ ಮಾಡಿ ಬಿಟ್ಟ ಹೊಲ, ಕೆಜಿಎಫ್ ಕಡೆಯವರಾದರೆ 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೂ ಗಾಳಿಗಾಲದಲ್ಲಿ ಊರಿನ ಮೇಲೆ ಹಾರುವ ಸೈನೈಡ್ ದಿಬ್ಬಗಳ ನುಣ್ಣನೆ ಹುಡಿ, ಎಲ್ಲವೂ ಬಾನೆಟ್ಟಿನ ಮೇಲೆ ಬಂದು ಕೂರುತ್ತವೆ. ಕೂತರೆ ತೊಂದರೆ ಇಲ್ಲ. ಒಣ ಬಟ್ಟೆಯಲ್ಲಿ ಒರೆಸಿದ ಕ್ಷಣ ಬಟ್ಟೆಯೇ ಉಪ್ಪುಕಾಗದವಾಗುತ್ತದೆ.

ಉಪ್ಪುಕಾಗದದ ವಿಷಯ ಚೆನ್ನಾಗಿ ಬಲ್ಲವರು ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳು. ಕಲ್ಲಿನ ವಿಗ್ರಹಕ್ಕೆ ನುಣುಪು ಬರುವುದು ಏನನ್ನೋ ಹಚ್ಚುವುದರಿಂದಲ್ಲ, ಉಜ್ಜಿ ಉಜ್ಜಿ ತೆಗೆಯುವುದರಿಂದ. ಕಾರಿನ ಪಾಲಿಶ್ಶೂ ಅಷ್ಟೇ. ಗೀರು ‘ತುಂಬುವುದಿಲ್ಲ’. ಗೀರಿನ ಅಕ್ಕಪಕ್ಕದ ಕ್ಲಿಯರ್ ಕೋಟನ್ನು ಗೀರಿನ ಆಳಕ್ಕೆ ಸವೆಸುತ್ತಾರೆ. ವಿಗ್ರಹಕ್ಕೆ ಅಡಿಗಟ್ಟಲೆ ಕಲ್ಲಿದೆ, ಕಾರಿಗಿರುವುದು 40 ಮೈಕ್ರಾನ್. ಒಂದು ಗಟ್ಟಿ ಪಾಲಿಶಿಗೆ ಎರಡು-ಮೂರು ಮೈಕ್ರಾನ್ ಹೋದರೂ ನಾಲ್ಕೈದು ಸಲಕ್ಕೆ ಎಷ್ಟು ಉಳಿಯಿತು ಲೆಕ್ಕ ಹಾಕಿ. ಬಿಸಿಲಿನ ನೇರಳಾತೀತ ಕಿರಣ ತಡೆಯುವ ವಸ್ತು ಇರುವುದೂ ಆ ಪದರದಲ್ಲೇ. ಅದು ತೆಳುವಾದರೆ ಹಾವು ಪೊರೆ ಬಿಟ್ಟಂತೆ ಮೇಲ್ಛಾವಣಿಯ ಬಣ್ಣ ಎದ್ದು ಬರುತ್ತದೆ.

ಇಲ್ಲೊಂದು ವ್ಯಾಪಾರದ ಗುಟ್ಟೂ ಇದೆ. ಸೆರಾಮಿಕ್ ಹಚ್ಚುವ ಮೊದಲು ಬಣ್ಣವನ್ನು ಮೂರು ಹಂತ ಪಾಲಿಶ್ ಮಾಡುತ್ತಾರೆ. ಗಾಡಿ ಬಿಡಿಸಿಕೊಳ್ಳಲು ಹೋದಾಗ ನಾವು ಬಾಯಿಬಿಟ್ಟು ನೋಡುವ ಹೊಳಪಿನ ಹೆಚ್ಚಿನ ಪಾಲು ಆ ಪಾಲಿಶಿನದು, ಕೋಟಿಂಗಿನದಲ್ಲ. ಹೊಚ್ಚ ಹೊಸ ಕಾರಿಗೆ ಮೂರು ಹಂತ ಏಕೆ ಎಂದು ಕೇಳಿ. ಡೀಪೋದಲ್ಲಿ ಯಾರೋ ಒಣ ಬಟ್ಟೆ ಆಡಿಸಿ ಗೀರಿದ್ದರೆ ಅದು ಬೇರೆ ಮಾತು.

ಹಗೆ ಇರುವುದು ಬೋರ್‌ವೆಲ್ಲಿನಲ್ಲಿ

ಇನ್ನು ನೀರಿನ ಮಾತು. ನಮ್ಮ ಕಡೆ ಬಣ್ಣ ಕೆಡಿಸುವುದರಲ್ಲಿ ಆಕಾಶಕ್ಕಿಂತ ಪಾತಾಳದ ಪಾತ್ರ ದೊಡ್ಡದು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಇಲ್ಲಿ ಸುದ್ದಿಯೇ ಅಲ್ಲ. ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ, ಫ್ಲೋರೈಡ್ ಎಲ್ಲ ಹೀರಿಕೊಂಡು ಮೇಲೆ ಬರುತ್ತದೆ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅದು ಅಂತರ್ಜಲ ಮರುಪೂರಣಕ್ಕೆ. ಮನೆ ಮುಂದಿನ ನಲ್ಲಿಯಲ್ಲಿ ಬರುವ ಗಡಸು ನೀರಿನ ಕಥೆ ಮುಗಿದಿಲ್ಲ.

ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಗಡಸು ನೀರಿನ ಲಕ್ಷಣ ಮನೆಯ ಹೆಣ್ಣುಮಕ್ಕಳಿಗೆ ಮಾಪಕವಿಲ್ಲದೆಯೇ ಗೊತ್ತು: ಸೋಪು ನೊರೆ ಬಿಡುವುದಿಲ್ಲ, ಬೇಳೆ ಬೇಯುವುದಿಲ್ಲ, ಹಂಡೆಯ ಒಳಗೆ ಬಿಳಿ ಚಕ್ಕೆ ಕಟ್ಟುತ್ತದೆ. ಹಂಡೆಯಲ್ಲಿ ಆಗುವುದೇ ಬಿಸಿಲಿನಲ್ಲಿ ತೊಳೆದ ಬಾನೆಟ್ಟಿನ ಮೇಲೂ ಆಗುತ್ತದೆ. ನೀರು ಆವಿಯಾಗುತ್ತದೆ, ಸುಣ್ಣ ಉಂಗುರದಾಕಾರದಲ್ಲಿ ಉಳಿಯುತ್ತದೆ. ಎರಡು-ಮೂರು ಬಿಸಿಲು ಕಂಡರೆ ಕಲೆ ಬಣ್ಣದೊಳಕ್ಕೆ ಇಳಿಯುತ್ತದೆ.

ಸೆರಾಮಿಕ್ ಇದನ್ನು ತಡೆಯುವುದಿಲ್ಲವೇ ಎಂದರೆ, ಒಂದು ವಿಚಿತ್ರ ನಡೆಯುತ್ತದೆ. ಕೋಟಿಂಗ್ ಇಲ್ಲದ ಬಣ್ಣದ ಮೇಲೆ ನೀರು ತೆಳ್ಳಗೆ ಹರಡಿ ಒಣಗುತ್ತದೆ. ಕೋಟಿಂಗಿನ ಮೇಲೆ ದಪ್ಪ ಹನಿಯಾಗಿ ನಿಲ್ಲುತ್ತದೆ. ಉರುಳಿ ಹೋದ ಹನಿಯ ಬಗ್ಗೆ ಚಿಂತೆಯಿಲ್ಲ. ಮೇಲ್ಛಾವಣಿಯಂಥ ಸಮತಟ್ಟಿನಲ್ಲಿ ನಿಂತ ಹನಿ ತನ್ನಲ್ಲಿದ್ದ ಸುಣ್ಣವನ್ನೆಲ್ಲ ಒಂದೇ ಜಾಗದಲ್ಲಿ ಇಳಿಸುತ್ತದೆ. ಇಪ್ಪತ್ತು ಸಾವಿರ ಕೊಟ್ಟ ಗಾಡಿಯ ಮೇಲೆ ಚುಕ್ಕಿ ಚುಕ್ಕಿ ರಂಗೋಲಿ!

ನನ್ನದೇ ಕಥೆ ಹೇಳುತ್ತೇನೆ. ಹಿಂದಿನ ಕಾರಿಗೆ ಷೋರೂಮಿನಲ್ಲೇ ಕೋಟಿಂಗ್ ಹೊಡೆಸಿದ್ದೆ, ಮೂರು ವರ್ಷ ಗ್ಯಾರಂಟಿ. ಪುಸ್ತಕದ ಸಣ್ಣ ಅಕ್ಷರ ಓದಿದ್ದು ಬಹಳ ತಡವಾಗಿ: ಆರು ತಿಂಗಳಿಗೊಮ್ಮೆ ದುಡ್ಡು ಕೊಟ್ಟು ‘ಮೇಂಟೆನೆನ್ಸ್’ ಮಾಡಿಸಬೇಕಿತ್ತು, ಒಂದು ತಪ್ಪಿದರೂ ಗ್ಯಾರಂಟಿ ರದ್ದು. ನೀರಿನ ಕಲೆ, ಹಕ್ಕಿ ಹಿಕ್ಕೆ, ಕಲ್ಲೇಟು ಯಾವುದೂ ಗ್ಯಾರಂಟಿಯೊಳಗೆ ಇರಲಿಲ್ಲ. ಇನ್ನು ಉಳಿದದ್ದೇನು ಎಂದು ಕೇಳಿದಾಗ ಕೌಂಟರಿನ ಹುಡುಗ ಪ್ರಾಮಾಣಿಕವಾಗಿ ನಕ್ಕ.

ಈಗ ಐದು ರೂಪಾಯಿಯ ವಿಷಯಕ್ಕೆ ಬರೋಣ. ಕೋಲಾರದ ಹಳ್ಳಿಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಐದೋ ಹತ್ತೋ ರೂಪಾಯಿಗೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತದೆ. ಆ ನೀರಿನಲ್ಲಿ ಲವಣ ಬಹಳ ಕಡಿಮೆ. ಕಾರನ್ನು ಬೋರ್ ನೀರಿನಲ್ಲೇ ತೊಳೆಯಿರಿ. ಕೊನೆಗೆ ಅರ್ಧ ಕ್ಯಾನು ಈ ನೀರನ್ನು ಚೊಂಬಿನಲ್ಲಿ ಮೇಲಿಂದ ಹುಯ್ದು, ಮೆತ್ತನೆ ಮೈಕ್ರೋಫೈಬರ್ ಬಟ್ಟೆಯಲ್ಲಿ ತೇವ ಹೀರಿಸಿದರೆ ಒಂದು ಉಂಗುರವೂ ಉಳಿಯುವುದಿಲ್ಲ. ನಾನು ಕಂಡಂತೆ ಈ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಕೋಟಿಂಗ್ ಇಲ್ಲ.

ಇದರ ತಿರುವುಮುರುವು ಮಾಡುವವರೂ ಇದ್ದಾರೆ. ಘಟಕದಿಂದ, ಅಥವಾ ಮನೆಯ ಆರ್‌ಒ ಯಂತ್ರದಿಂದ ಹೊರಹೋಗುವ ನೀರು ವ್ಯರ್ಥವಾಗಬಾರದೆಂದು ಅದರಲ್ಲೇ ಗಾಡಿ ತೊಳೆಯುತ್ತಾರೆ. ಉದ್ದೇಶ ಒಳ್ಳೆಯದು, ನೀರು ಕೆಟ್ಟದು. ಅರ್ಧ ನೀರು ಶುದ್ಧವಾಗಿ ಬಂದು ಅರ್ಧ ಹೊರಹೋದರೆ, ಹೊರಹೋದ ಅರ್ಧದಲ್ಲಿ ಲವಣ ಹೆಚ್ಚುಕಡಿಮೆ ದುಪ್ಪಟ್ಟು. ಅದರಿಂದ ಅಂಗಳ ತೊಳೆಯಿರಿ, ಕಾರನ್ನಲ್ಲ.

ಸೊನೆ, ಹಿಕ್ಕೆ, ಕುಂಕುಮ

ಮಾವಿನ ಸೀಮೆ ಶ್ರೀನಿವಾಸಪುರದವರಿಗೆ ಇನ್ನೊಂದು ಕಾಟ. ನೆರಳೆಂದು ಮಾವಿನ ಮರದಡಿ ಗಾಡಿ ನಿಲ್ಲಿಸಿದರೆ ಹೂವಿನ ಕಾಲದಲ್ಲಿ ಜಿಗಿಹುಳು ಉದುರಿಸುವ ಅಂಟು, ಕಾಯಿ ಕೀಳುವ ಕಾಲದಲ್ಲಿ ಸೊನೆ. ತುಟಿಗೆ ತಾಗಿದರೆ ಬೊಬ್ಬೆ ಏಳಿಸುವ ಸೊನೆ ಬಣ್ಣವನ್ನು ಬಿಟ್ಟೀತೇ? ಹಕ್ಕಿ ಹಿಕ್ಕೆಯದೂ ಅದೇ ಬಗೆ. ಬಿಸಿಲಿಗೆ ಕಾದು ಮೆತ್ತಗಾದ ಕ್ಲಿಯರ್ ಕೋಟಿನ ಮೇಲೆ ಅದು ಒಣಗುತ್ತಾ ಕುಗ್ಗಿ, ತನ್ನ ಅಚ್ಚು ಒತ್ತುತ್ತದೆ. ಸೆರಾಮಿಕ್ಕಿಗೆ ನಿಜವಾಗಿ ಅಂಕ ಕೊಡಬೇಕಾದ್ದು ಇಲ್ಲಿ. ಇಂಥ ಕಲೆಗಳು ಒಳಗಿಳಿಯುವ ಮುನ್ನ ಅದು ನಮಗೆ ಕೊಂಚ ಹೆಚ್ಚು ಸಮಯ ಕೊಡುತ್ತದೆ, ತೊಳೆದಾಗ ಸಲೀಸಾಗಿ ಬಿಡುತ್ತದೆ. ದಿನಗಟ್ಟಲೆ ಬಿಟ್ಟರೆ ಅದೂ ಸೋಲುತ್ತದೆ. ಹಿಕ್ಕೆ ಕಂಡರೆ ಒದ್ದೆ ಬಟ್ಟೆಯನ್ನು ಐದು ನಿಮಿಷ ಮೇಲಿಟ್ಟು ನೆನೆಸಿ ಎತ್ತಿ, ಉಜ್ಜಬೇಡಿ.

ಕುರುಡುಮಲೆ ಗಣಪನ ಮುಂದೆಯೋ ಮುಳಬಾಗಿಲಿನ ಆಂಜನೇಯನ ಮುಂದೆಯೋ ಪೂಜೆಯಾಗದೆ ಈ ಕಡೆ ಹೊಸ ಗಾಡಿ ರಸ್ತೆಗಿಳಿಯುವುದು ಅಪರೂಪ. ಅರಿಶಿನದ ಕಲೆಗೆ ಹೆದರಬೇಕಿಲ್ಲ, ಬಿಸಿಲಿಗೆ ತಾನೇ ಮಾಸುತ್ತದೆ. ಅಗ್ಗದ ಕುಂಕುಮದ ಕೃತಕ ಬಣ್ಣ ಮಾತ್ರ ಹಟಮಾರಿ. ಆಯುಧಪೂಜೆಯ ಮಾರನೆ ದಿನ ಒಣಗಿದ ವಿಭೂತಿ-ಕುಂಕುಮವನ್ನು ಕೆರೆದು ತೆಗೆಯುವಾಗ, ಬಾಳೆಕಂದು ಕಟ್ಟಿದ ಹಗ್ಗ ಬಂಪರಿಗೆ ತಿಕ್ಕುವಾಗ ಬೀಳುವ ಗೀರು ವರ್ಷದ ಧೂಳಿನ ಗೀರಿಗೆ ಸಮ. ದೇವರಿಗೆ ನಂಬರ್ ಪ್ಲೇಟಿನ ಮೇಲೆ ಬೊಟ್ಟಿಟ್ಟರೂ ಸಲ್ಲುತ್ತದೆ.

ಹೆಸರಲ್ಲಷ್ಟೇ ಸಮುದ್ರ

ಅಂಡರ್‌ಬಾಡಿ ಕೋಟಿಂಗ್ ಎಂಬ ಇನ್ನೊಂದು ಸಾಲು ಬಿಲ್ಲಿನಲ್ಲಿರುತ್ತದೆ. ಗಾಡಿಯ ಹೊಟ್ಟೆಗೆ ಡಾಂಬರಿನಂಥ ಕರಿ ಬಳಿಯುವುದು. ಇದಕ್ಕೆ ಉತ್ತರ ನಮ್ಮ ಹೆದ್ದಾರಿಯಲ್ಲೇ ಇದೆ. ದೇವರಾಯಸಮುದ್ರದ ಮುಂದೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75ರ ಪಶ್ಚಿಮದ ತುದಿ ಮಂಗಳೂರಿಗೆ ಅಂಟಿಕೊಂಡಂತಿರುವ ಬಂಟ್ವಾಳ. ಅಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ, ಮೇಲೆ ಕಡಲ ಉಪ್ಪುಗಾಳಿ. ಆ ತುದಿಯವರು ಗಾಡಿಯ ಹೊಟ್ಟೆಗೆ ದುಡ್ಡು ಹಾಕುವುದಕ್ಕೆ ಅರ್ಥವಿದೆ. ಕೋಲಾರದ ಸರಾಸರಿ 700 ಮಿಲಿಮೀಟರ್ ಆಸುಪಾಸು. ಇಲ್ಲಿನ ‘ಸಮುದ್ರ’ ಎಂದರೆ ಹಳೆಯ ರೂಢಿಯಲ್ಲಿ ದೊಡ್ಡ ಕೆರೆ. ಅದರಲ್ಲಿ ಉಪ್ಪಿಲ್ಲ, ಬಹಳ ವರ್ಷ ನೀರೂ ಇರುವುದಿಲ್ಲ.

ಈಗಿನ ಕಾರುಗಳ ತಳಕ್ಕೆ ಕಾರ್ಖಾನೆಯಲ್ಲೇ ರಕ್ಷಣೆ ಕೊಟ್ಟಿರುತ್ತಾರೆ. ಅವಸರದಲ್ಲಿ ಬಳಿದ ಕರಿ, ನೀರು ಇಳಿಯುವ ತೂತುಗಳನ್ನು ಮುಚ್ಚಿದರೆ ಇಲ್ಲದ ತುಕ್ಕು ಶುರುವಾಗುತ್ತದೆ. ವಾಟರ್ ಸರ್ವಿಸ್‌ನಲ್ಲಿ ಡೀಸೆಲ್ಲೋ ಹಳೇ ಆಯಿಲ್ಲೋ ಸಿಂಪಡಿಸುವ ಪದ್ಧತಿಯನ್ನಂತೂ ಬಿಡಿ. ಅದು ರಬ್ಬರ್ ಬುಷ್‌ಗಳನ್ನು ಕೆಡಿಸುತ್ತದೆ, ಧೂಳನ್ನು ಅಂಟಿಸಿಕೊಳ್ಳುತ್ತದೆ.

ಜಲ್ಲಿ ಟಿಪ್ಪರಿನ ಹಿಂದೆ

ಗಟ್ಟಿ ಕಲ್ಲೇಟಿಗೆ ತಡೆ ಒಡ್ಡುವುದು ಒಂದೇ ಒಂದು, ಫಿಲ್ಮ್. ಪಾಲಿಯುರೆಥೇನ್ ಎಂಬ ಎಳೆದರೆ ಹಿಗ್ಗುವ ಪ್ಲಾಸ್ಟಿಕ್ಕಿನ ಪಾರದರ್ಶಕ ಹಾಳೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹೆಲಿಕಾಪ್ಟರ್ ರೆಕ್ಕೆಗಳನ್ನು ಮರಳಿನಿಂದ ಕಾಪಾಡಲು ಬಳಕೆಗೆ ಬಂದದ್ದು, ಆಮೇಲೆ ರೇಸ್ ಕಾರು, ಈಗ ನಮ್ಮ ಮನೆ ಕಾರು. ದಪ್ಪ 150ರಿಂದ 200 ಮೈಕ್ರಾನ್, ಅಂದರೆ ಕಾರಿನ ಇಡೀ ಬಣ್ಣಕ್ಕಿಂತ ದಪ್ಪ. ಕಲ್ಲು ಬಡಿದರೆ ಪೆಟ್ಟು ಹೀರುತ್ತದೆ. ಒಳ್ಳೆಯ ಫಿಲ್ಮಿನ ಮೇಲಿನ ಸಣ್ಣ ಗೀರು ಬಿಸಿಲಿಗೆ ಕಾದಾಗ ತಾನೇ ಕೂಡಿಕೊಳ್ಳುತ್ತದೆ.

ಪೂರ್ತಿ ಗಾಡಿಗೆ ಇದನ್ನು ಅಂಟಿಸುವುದು, ಹತ್ತು ಲಕ್ಷದ ಕಾರಿಗೆ, ನನ್ನ ದೃಷ್ಟಿಯಲ್ಲಿ ದುಂದು. ಆದರೆ ದಿನಾ ಈ ಹೆದ್ದಾರಿಯಲ್ಲಿ ನರಸಾಪುರಕ್ಕೋ ಬೆಂಗಳೂರಿಗೋ ಓಡಾಡುವವರು ಮುಂದಿನ ಬಂಪರ್, ಬಾನೆಟ್ಟಿನ ಮುಂಚೂಣಿ, ಕನ್ನಡಿಗಳ ಬೆನ್ನು, ಬಾಗಿಲ ಹಿಡಿಕೆಯ ಗುಳಿ ಇಷ್ಟಕ್ಕೆ ಮಾತ್ರ ಹಾಕಿಸಿದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಪಟ್ಟಿಯಲ್ಲಿ ‘ಭಾಗಶಃ’ ಎಂದು ಇರುವುದಿಲ್ಲ, ಕೇಳಿ ಹಾಕಿಸಿಕೊಳ್ಳಬೇಕು. ಹಳದಿಗಟ್ಟುವ ಅಗ್ಗದ ಪಿವಿಸಿ ಹಾಳೆಯನ್ನೇ ಫಿಲ್ಮ್ ಎಂದು ಕೊಡುವವರೂ ಇದ್ದಾರೆ, ಬಿಲ್ಲಿನಲ್ಲಿ ‘ಟಿಪಿಯು’ (ಆ ಪಾಲಿಯುರೆಥೇನಿನ ಚುಟುಕು ಹೆಸರು) ಎಂದು ಬರೆಸಿಕೊಳ್ಳಿ.

ದುಡ್ಡಿನ ಲೆಕ್ಕ

ಕಾರು ಎಂಟು-ಹತ್ತು ವರ್ಷ ಇಟ್ಟುಕೊಳ್ಳುತ್ತೀರಿ ಎಂದುಕೊಳ್ಳೋಣ. ಸೆರಾಮಿಕ್ ಎರಡೂವರೆ ವರ್ಷಕ್ಕೊಮ್ಮೆ ಎಂದರೆ ನಾಲ್ಕು ಸಲ, ನಡುವಿನ ಮೇಂಟೆನೆನ್ಸ್ ಬೇರೆ. ಸುಮಾರು ಒಂದು ಲಕ್ಷ. ಆ ದುಡ್ಡಿಗೆ ಸ್ಥಳೀಯ ಷೆಡ್ಡಿನಲ್ಲಿ ಸಣ್ಣ ಕಾರಿನ ಇಡೀ ಮೈಗೆ ಬಣ್ಣ ಹೊಡೆಸಿ ಮಿಗುತ್ತದೆ. ಮಾರುವಾಗ ಕೊಳ್ಳುವವರು ಕಿಲೋಮೀಟರು, ಅಪಘಾತ, ಟೈರು, ಸರ್ವಿಸ್ ದಾಖಲೆ ನೋಡುತ್ತಾರೆ. ‘ಸೆರಾಮಿಕ್ ಹೊಡೆಸಿದ್ದೆ ಕಣ್ರೀ’ ಎಂದರೆ ‘ಓಹೋ’ ಎನ್ನುತ್ತಾರೆ, ಬೆಲೆ ಏರಿಸುವುದಿಲ್ಲ.

ವಿಮೆಯ ಒಂದು ಮಾತು ಇಲ್ಲೇ ಸೇರಿಸಬೇಕು. ಗೀರು ಬಿದ್ದರೆ ಕ್ಲೇಮ್ ಮಾಡೋಣ ಎಂದು ಹಲವರ ಧೈರ್ಯ. ಸಾಮಾನ್ಯ ಪಾಲಿಸಿಯಲ್ಲಿ ಬಣ್ಣದ ಸಾಮಗ್ರಿಯ ವೆಚ್ಚಕ್ಕೆ ಅರ್ಧದಷ್ಟು ಸವಕಳಿ ಕಳೆಯುತ್ತಾರೆ, ಸವಕಳಿ ಕಳೆಯದ ‘ಜೀರೋ ಡೆಪ್’ ಇದ್ದರಷ್ಟೇ ಪೂರ್ತಿ. ಅದಕ್ಕಿಂತ ಮುಖ್ಯ, ಕ್ಲೇಮ್ ಮಾಡದೆ ಇದ್ದವರಿಗೆ ಸಿಗುವ ನೋ ಕ್ಲೇಮ್ ಬೋನಸ್ ಮೊದಲ ವರ್ಷ ಶೇ 20ರಿಂದ ಶುರುವಾಗಿ ಐದು ವರ್ಷಕ್ಕೆ ಶೇ 50ಕ್ಕೆ ಏರುತ್ತದೆ. ಮೂರು ಸಾವಿರದ ಬಂಪರ್ ಬಣ್ಣಕ್ಕೆ ಕ್ಲೇಮ್ ಹಾಕಿದರೆ ಆ ಏಣಿಯಿಂದ ಒಂದೇ ಏಟಿಗೆ ಕೆಳಗೆ.

ಹಾಗೆಂದು ಸೆರಾಮಿಕ್ ಯಾರಿಗೂ ಬೇಡ ಎಂದು ನಾನು ಹೇಳಲಾರೆ. ಕಪ್ಪು, ಕಡುನೀಲಿ, ಕೆಂಪು ಕಾರು; ಮನೆಗೆ ಷೆಡ್ಡಿಲ್ಲ, ವರ್ಷವಿಡೀ ಬಿಸಿಲು; ಭಾನುವಾರ ಬೆಳಿಗ್ಗೆ ತಾವೇ ತೊಳೆಯುವ ಆಸೆ ಮತ್ತು ತಾಳ್ಮೆ, ಇವು ಮೂರೂ ಇದ್ದವರಿಗೆ ಅದು ಸುಖ ಕೊಡುತ್ತದೆ. ತೊಳೆಯುವ ಶ್ರಮ ನಿಜಕ್ಕೂ ಅರ್ಧವಾಗುತ್ತದೆ, ಮೇಲೆ ಅದನ್ನು ನೋಡಿ ಖುಷಿಪಡುವುದಕ್ಕೂ ಬೆಲೆಯಿದೆ. ಹಳದಿ ಬೋರ್ಡಿನ ಗಾಡಿ, ಬಿಳಿ ಅಥವಾ ಬೆಳ್ಳಿ ಬಣ್ಣದ ಕಾರು, ದಿನಾ ಬೆಳಿಗ್ಗೆ ಯಾರದೋ ಕೈಯಲ್ಲಿ ಒರೆಸಿಸುವ ಕಾರು: ಇವಕ್ಕೆ ಬೇಡ. ಕೋಟಿಂಗ್ ಹೊಡೆಸಿ ಮಾರನೇ ದಿನ ಒಣ ಬನಿಯನ್ ಆಡಿಸಿದರೆ ಅದು ಆರು ತಿಂಗಳೂ ಚಂದ ಉಳಿಯುವುದಿಲ್ಲ.

ಕಾರಿನ ಮೇಲೆ ಹೊದಿಸುವ ಕವರಿನ ಬಗ್ಗೆಯೂ ಎಚ್ಚರ ಇರಲಿ. ಧೂಳು ಕೂತ ಗಾಡಿಗೆ ಕವರ್ ಹಾಕಿದರೆ ಗಾಳಿಗೆ ಅದು ರಾತ್ರಿಯಿಡೀ ಉಜ್ಜುತ್ತದೆ. ತೊಳೆದ ಗಾಡಿಗೆ ಹೊದಿಸಿ, ಇಲ್ಲವೇ ಒಂದು ತಗಡಿನ ಷೀಟಿನ ನೆರಳು ಮಾಡಿಸಿ.

ನಮ್ಮ ಮನೆಯ ಈಗಿನ ಕಾರು ಬಿಳಿ. ಬಂಪರಿಗೂ ಬಾನೆಟ್ಟಿನ ಅಂಚಿಗೂ ಫಿಲ್ಮ್ ಇದೆ, ಸೆರಾಮಿಕ್ ಇಲ್ಲ. ಯುಗಾದಿಗೊಮ್ಮೆ, ಆಯುಧಪೂಜೆಗೊಮ್ಮೆ ಬಾಟಲಿ ಸೀಲಂಟನ್ನು ನಾನೇ ಸವರುತ್ತೇನೆ. ವಾರಕ್ಕೆ ಎರಡು ಬಕೆಟ್ ಬೋರ್ ನೀರು, ಒಂದರಲ್ಲಿ ಶಾಂಪೂ, ಇನ್ನೊಂದು ಬಟ್ಟೆಯ ಮಣ್ಣು ಜಾಲಿಸಲು. ಕೊನೆಗೆ ಅರ್ಧ ಕ್ಯಾನು ಫಿಲ್ಟರ್ ನೀರು. ನಾಲ್ಕು ವರ್ಷವಾಯಿತು. ನೀವೂ ಈ ವಾರ ಗಾಡಿ ತೊಳೆದ ಮೇಲೆ ಕೈಗೆ ತೆಳ್ಳನೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ಟಿನ ಮೇಲೆ ಮೆಲ್ಲಗೆ ಸವರಿ ನೋಡಿ. ಗಾಜಿನಂತೆ ಜಾರಿದರೆ ಬಣ್ಣ ಚೆನ್ನಾಗಿದೆ, ಕೋಟಿಂಗಿನ ದುಡ್ಡು ಜೇಬಿನಲ್ಲೇ ಇರಲಿ. ಮರಳುಮರಳಾಗಿ ತಾಗಿದರೆ ಮೊದಲು ಕ್ಲೇ ಎಂಬ ಮೆತ್ತನೆ ಮುದ್ದೆ ಉಜ್ಜಿಸಿ ಬಣ್ಣಕ್ಕೆ ಅಂಟಿದ ಕಸ ತೆಗೆಸಿ, ಮೂರು ಹಂತದ ಪಾಲಿಶಿಗೆ ಒಪ್ಪಬೇಡಿ. ಮತ್ತೆ, ನಂಗಲಿ ಕಡೆಗೆ ಹೋಗುವಾಗ ಟಾರ್ಪಾಲಿಲ್ಲದ ಜಲ್ಲಿ ಟಿಪ್ಪರ್ ಮುಂದೆ ಸಿಕ್ಕರೆ, ಎರಡು ನಿಮಿಷ ತಡವಾದರೂ ಸರಿ, ನೂರು ಮೀಟರ್ ಹಿಂದೆಯೇ ಇರಿ.